ಜಾತ್ರೆಯ ಅಂಗಡಿ ಮತ್ತು ನಮ್ಮ ಸಂಘ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸರ್ವಧರ್ಮ ಸೌಹಾರ್ದದ ಬಗ್ಗೆ ನಾಲ್ಕು ಮಾತಾಡಿ ಎಂದು ನಮಗೆ ಹೇಳಿದ್ದಾರೆ. ಮೂರು ಧರ್ಮದ ಹಿರಿಯರನ್ನು ವೇದಿಕೆಗೆ ಕರೆದು ದೀಪ ಬೆಳಗಿಸುವುದು ಒಳ್ಳೆಯದೇ. ಆದರೆ ಅವರು ಮನೆಗೆ ಹೋದ ಮೇಲೆ ಎಂತ? ಹಾಗಾಗಿ ನಾವು ಇವತ್ತು ಒಂದು ಸಾಲದ ಕಂತಿನ ವಿಷಯ ಹೇಳ್ತೇವೆ.

ಕರಾವಳಿಯಲ್ಲಿ ಒಟ್ಟಿಗೆ ಬಾಳುವುದನ್ನು ಯಾರೂ ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಆ ಹೆಸರು ಬಂದದ್ದೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯಿಂದ ಎಂದು ಊರಿನವರು ಹೇಳ್ತಾರೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಪುಣ್ಯಕ್ಷೇತ್ರ 2016ರಲ್ಲಿ ಬಸಿಲಿಕಾ ಆಯಿತು. ಅಲ್ಲಿ ಜನವರಿ ಜಾತ್ರೆಯಲ್ಲಿ ಮೇಣದಬತ್ತಿ ಹಿಡಿದು ನಿಂತವರ ಸಾಲು ನೋಡಿದರೆ ಯಾರು ಯಾವ ಧರ್ಮದವರು ಎಂದು ಹೇಳಲಿಕ್ಕೆ ಆಗುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ನಮ್ಮ ಮನೆಗೆ ಬಂದರೆ, ಪಕ್ಕದ ಮನೆಯಲ್ಲಿ ಹೊಸಕ್ಕಿ ಊಟ. ಗದ್ದೆ ಒಂದೇ ಅಲ್ವಾ!

ಆದರೆ 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಯಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಎಂದು ಬ್ಯಾನರುಗಳು ಬಂದವು. ಪೇಪರಿನಲ್ಲಿ ನೀವೆಲ್ಲ ಓದಿದ್ದೀರಿ. ನಾವು ಹೋಗಿಬರುವ ಒಂದು ಸಂಘದ ಸದಸ್ಯೆ ಗಂಡನ ಜೊತೆ ಜಾತ್ರೆಯಿಂದ ಜಾತ್ರೆಗೆ ಬಳೆ, ಆಟದ ಸಾಮಾನು ಮಾರುವವರು. ಸಂಘದಿಂದ 15,000 ರೂಪಾಯಿ ಸಾಲ ತೆಗೆದು ಮಾಲು ತಂದಿದ್ದರು. ಅಂಗಡಿಗೆ ಜಾಗ ಸಿಗಲಿಲ್ಲ. ಮಾಲು ಗೋಣಿಯಲ್ಲೇ ಉಳಿಯಿತು, ಎರಡು ಕಂತು ತಪ್ಪಿತು.

ವಾರದ ಸಭೆಯಲ್ಲಿ ಒಬ್ಬರು, "ನಿಯಮ ಎಲ್ಲರಿಗೂ ಒಂದೇ, ದಂಡ ಹಾಕಿ" ಎಂದರು. ಅದೂ ತಪ್ಪಲ್ಲ. ಇನ್ನೊಬ್ಬರು, "ಅವರವರ ಜಾತ್ರೆ, ಅವರವರ ಇಷ್ಟ. ನಮಗ್ಯಾಕೆ?" ಎಂದರು. ಆಕೆ ಪಾಸ್‌ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆಗ ಬೀಡಿ ಕಟ್ಟುವ ಅಕ್ಕ ಒಬ್ಬರು ಎದ್ದರು. "2020ರ ಲಾಕ್‌ಡೌನಿನಲ್ಲಿ ಬೀಡಿ ಬ್ರಾಂಚು ಮುಚ್ಚಿದಾಗ ನನ್ನ ಕಂತು ಕಟ್ಟಿದ್ದು ಇವಳೇ ಮಾರಾಯ್ರೆ. ಆಗ ದಂಡದ ಮಾತು ಯಾರೂ ಎತ್ತಲಿಲ್ಲ."

ಕೊನೆಗೆ ಮೂರು ತಿಂಗಳು ಬಡ್ಡಿ ಮಾತ್ರ, ದಂಡ ಇಲ್ಲ ಎಂದಾಯಿತು. ಜಗಳ ನಿಜವಾಗಿ ಶುರುವಾದದ್ದು ಆಮೇಲೆ. ನಿರ್ಣಯ ಪುಸ್ತಕದಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆಯಲು ಹೊರಟರು. ಆ ಅಕ್ಕ ಬಿಡಲಿಲ್ಲ. "ಜಾತ್ರೆಯಲ್ಲಿ ಜಾಗ ಕೊಡಲಿಲ್ಲ ಅಂತಲೇ ಬರೀರಿ." ಹಾಗೆಯೇ ಬರೆದರು. ಇಬ್ಬರು ಸಹಿ ಹಾಕಲು ಹಿಂದೆಮುಂದೆ ನೋಡಿದರು. ಒಬ್ಬರು ಆಮೇಲೆ ಸಂಘವನ್ನೇ ಬಿಟ್ಟರು. ಇದನ್ನು ಮುಚ್ಚಿಟ್ಟರೆ ನಾವು ನಿಮಗೆ ಸುಳ್ಳು ಹೇಳಿದಂತೆ.

1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಆರಂಭಿಸಿದಾಗ ಬಡ ಹೆಂಗಸರ ಹತ್ತಿರ ಅಡವಿಡಲು ಆಸ್ತಿ ಎಲ್ಲಿತ್ತು? ಒಬ್ಬರಿಗೊಬ್ಬರು ಜವಾಬ್ದಾರಿ ಎಂಬ ಭರವಸೆಯ ಮೇಲೆ ಸಾಲ ಕೊಟ್ಟರು. ಆ ಭರವಸೆ ಧರ್ಮ ನೋಡಿ ಸಣ್ಣದಾದರೆ ಸಂಘ ಉಳಿಯುವುದು ಕಷ್ಟ. ನಮ್ಮ ತಪ್ಪೂ ಉಂಟು. ಇಗರ್ಜಿಯ ವಾಳೆ ನೋಡಿ ಸಂಘ ಕಟ್ಟಿದ್ದರಿಂದ ನಮ್ಮ ಕೆಲವು ಸಂಘಗಳಲ್ಲಿ ಬರೀ ನಮ್ಮವರೇ ಇದ್ದಾರೆ. ಪಕ್ಕದ ಮನೆಯವರನ್ನು ನಾವು ಕೇಳಿಯೇ ಇಲ್ಲ.

ಬಳೆ ಅಂಗಡಿಯ ಸಾಲ ತೀರಿತು. ಮರುವರ್ಷ ಜನವರಿಯಲ್ಲಿ ಅವರು ಅತ್ತೂರಿನಲ್ಲಿ ಅಂಗಡಿ ಹಾಕಿದರು. ಬೀಡಿ ಅಕ್ಕ ಅಲ್ಲಿಯೂ ಒಂದು ಡಜನ್ ಬಳೆಗೆ ಚೌಕಾಸಿ ಮಾಡದೆ ಬಿಡಲಿಲ್ಲವಂತೆ.

ಮುಂದಿನ ಸಭೆಯಲ್ಲಿ ಈ ಪ್ರಶ್ನೆ ಇಟ್ಟು ಮಾತಾಡಿ: ನಮ್ಮ ಸಂಘದಲ್ಲಿ ಹೀಗಾದರೆ ನಾವು ಏನು ಮಾಡುತ್ತಿದ್ದೆವು? ತೀರ್ಮಾನ ಏನೇ ಇರಲಿ, ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ನಮ್ಮ ಕಾರ್ಯಕರ್ತೆ ಬಂದಾಗ ತೋರಿಸಿ.