ಹಳೆಯ ದೋಣಿಗೆ ಹೊಸ ಬೆಂಚು

(ಹಿನ್ನೀರ ದಂಡೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಪೂರ್ಣಗೊಂಡು ಶರಾವತಿಯ ನೀರು ಕಣಿವೆಗಳಿಗೆ ಏರಿದಂದಿನಿಂದ ಸಾಗರ ಸೀಮೆಯ ಎಷ್ಟೋ ಊರುಗಳಿಗೆ ನೀರೇ ದಾರಿಯಾಯಿತು. ಮನೆ ಈಚೆ, ಆಸ್ಪತ್ರೆ ಆಚೆ. ಗದ್ದೆ ಈಚೆ, ಕಾಲೇಜು ಆಚೆ. ಹೊಳೆಬಾಗಿಲಿನ ಲಾಂಚು ಬಸ್ಸು ಜೀಪುಗಳನ್ನೂ ಹೊತ್ತು ದಶಕಗಳ ಕಾಲ ತುಮರಿ ಸೀಮೆಯ ಜನರನ್ನು ದಾಟಿಸಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು ೨೦೨೫ರ ಜುಲೈನಲ್ಲಿ. ಆದರೆ ಹಿನ್ನೀರಿನ ಪ್ರತಿ ಮೂಲೆಗೂ ಸೇತುವೆ ಬರುವುದಿಲ್ಲ. ಸಣ್ಣ ಮೋಟಾರು ದೋಣಿಯ ಅಗತ್ಯ ಮುಗಿದಿಲ್ಲ.

ಹಳೆಯ ದೋಣಿಯೊಂದನ್ನು ಕೊಂಡವನಿಗೆ ಹೊಳೆಯುವ ಮೊದಲ ಯೋಚನೆ, ನಡುವೆ ಜಾಗವಿದೆ, ಇನ್ನೊಂದು ಬೆಂಚು ಹಾಕಿದರೆ ನಾಲ್ಕು ಜನ ಹೆಚ್ಚು ಕೂರಬಹುದು ಎಂಬುದು. ಕಣ್ಣಿಗೆ ಜಾಗ ಕಾಣುತ್ತದೆ, ಭಾರ ಕಾಣುವುದಿಲ್ಲ. ಇಂದಿನ ಮಾತೆಲ್ಲ ಈ ಕಾಣದ ಭಾರದ ಕುರಿತು.

ಲೆಕ್ಕ ಸರಳವಾದದ್ದು. ದೋಣಿಗೆ ಏರಿದ ಪ್ರತಿ ಕಿಲೋಗ್ರಾಂಗೆ ಒಂದು ಲೀಟರಿನಷ್ಟು ನೀರನ್ನು ಅದು ಪಕ್ಕಕ್ಕೆ ತಳ್ಳಲೇಬೇಕು. ಸುಮಾರು ಐದು ಮೀಟರ್ ಉದ್ದದ ಸಣ್ಣ ದೋಣಿಯು ನೀರಿನ ಮೇಲೆ ಆರು ಚದರ ಮೀಟರ್ ಜಾಗವನ್ನು ಆವರಿಸಿದೆ ಎಂದು ಭಾವಿಸೋಣ. ಅರವತ್ತು ಕಿಲೋ ಏರಿದರೆ ಅದು ಒಂದು ಸೆಂಟಿಮೀಟರ್ ಇಳಿಯುತ್ತದೆ. ನಾಲ್ವರು ಮತ್ತು ಅವರ ಚೀಲಗಳು, ಒಟ್ಟು ಮುನ್ನೂರು ಕಿಲೋ ಎಂದರೆ ಐದು ಸೆಂಟಿಮೀಟರ್. ಇಷ್ಟೇ ತಾನೆ ಎನಿಸಬಹುದು. ದಡದಲ್ಲಿ ಕಟ್ಟಿದ ದೋಣಿಗೆ ಇಷ್ಟೇ ಹೌದು. ಮಳೆಗಾಲದ ಗಾಳಿಗೆ ಹಿನ್ನೀರು ಅಲೆಯೆದ್ದಾಗ ದೋಣಿಯ ಅಂಚಿಗೂ ನೀರಿಗೂ ನಡುವೆ ಉಳಿದ ಒಣ ಎತ್ತರವೇ ಒಳಗಿರುವವರ ಆಯುಷ್ಯ.

ಹಳೆಯ ದೋಣಿಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಫೈಬರ್ ದೋಣಿಗಳ ತಳದಲ್ಲಿ ತೇಲುವಿಕೆಗೆಂದು ತುಂಬಿದ ಫೋಮ್ ವರ್ಷಗಳು ಕಳೆದಂತೆ ನೀರು ಹೀರುತ್ತದೆ. ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯೊಳಗಿನ ಪ್ಲೈವುಡ್ ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ಕೊಳೆತಿರಬಹುದು. ಹಿಂದಿನ ಎರಡು ಸ್ಟ್ರೋಕಿನ ಎಂಜಿನ್ ತೆಗೆದು ಅಷ್ಟೇ ಶಕ್ತಿಯ ನಾಲ್ಕು ಸ್ಟ್ರೋಕಿನದನ್ನು ಕೂರಿಸಿದ್ದರೆ ಅದರ ತೂಕವೂ ಸಾಮಾನ್ಯವಾಗಿ ಹೆಚ್ಚು. ಅಂದರೆ ಹೊಸ ಬೆಂಚು ಬರುವ ಮೊದಲೇ ಒಬ್ಬಿಬ್ಬರ ಭಾರ ದೋಣಿಯೊಳಗೆ ಕುಳಿತಿರಬಹುದು, ಟಿಕೆಟ್ಟಿಲ್ಲದೆ.

ಭಾರಕ್ಕಿಂತ ಅಪಾಯಕಾರಿಯಾದದ್ದು ಭಾರದ ಎತ್ತರ. ಹುಲ್ಲಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಅಷ್ಟೇ ತೂಕದ ಅಕ್ಕಿ ಮೂಟೆ ಹೇರಿದ ಗಾಡಿ ಕೊರಕಲಿನಲ್ಲಿ ಸುಮ್ಮನೆ ವಾಲಿ ಏಳುತ್ತದೆ. ಎತ್ತರಕ್ಕೆ ಒಟ್ಟಿದ ಹುಲ್ಲಿನ ಗಾಡಿ ಮಗುಚುತ್ತದೆ. ಕುಳಿತ ಮನುಷ್ಯನ ಭಾರದ ಕೇಂದ್ರ ಆಸನದಿಂದ ಸುಮಾರು ಒಂದು ಗೇಣು ಮೇಲಿರುತ್ತದೆ. ಬೆಂಚನ್ನು ಎತ್ತರಿಸಿದಷ್ಟೂ ಅದು ಮೇಲೇರುತ್ತದೆ, ಅವನು ಎದ್ದು ನಿಂತರಂತೂ ಇನ್ನೂ ಮೇಲೆ. ಇದರ ಜೊತೆಗೆ ತಳದಲ್ಲಿ ನಿಂತ ನೀರು. ನಾಲ್ಕು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಳದಲ್ಲಿ ಐದು ಸೆಂಟಿಮೀಟರ್ ನೀರಿದ್ದರೆ ಅದು ಇನ್ನೂರು ಕಿಲೋ. ದೋಣಿ ಯಾವ ಕಡೆ ವಾಲಿದರೆ ಆ ಕಡೆಗೇ ಅದು ಓಡುತ್ತದೆ. ಮೊಗೆದು ಹೊರಚೆಲ್ಲುವ ಕೆಲಸಕ್ಕೆ ಅಡ್ಡವಾಗುವಂತೆ ಬೆಂಚು ಕೂರಿಸುವುದು ಈ ಕಾರಣಕ್ಕೇ ತಪ್ಪು.

ಕೇರಳದ ತೇಕ್ಕಡಿಯಲ್ಲಿ ೨೦೦೯ರ ಸೆಪ್ಟೆಂಬರ್ ೩೦ರಂದು ಪೆರಿಯಾರ್ ಜಲಾಶಯದ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ ೪೫ ಮಂದಿ ಸತ್ತರು. ದಡದಲ್ಲಿ ಕಂಡ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಯಿತು. ಪ್ರಾಣಿ ನೋಡಲು ಬಂದವರು ಪ್ರಾಣಿ ಕಂಡ ಬದಿಗೆ ಸರಿಯದೆ ಇನ್ನೇನು ಮಾಡಿಯಾರು? ಅದನ್ನು ತಾಳುವಂತೆ ದೋಣಿ ಇರಬೇಕಿತ್ತು. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ೨೦೨೩ರ ಮೇ ೭ರ ಸಂಜೆ ಮಗುಚಿದ ದೋಣಿಯ ಕಥೆ ಇಂದಿನ ವಿಷಯಕ್ಕೆ ಇನ್ನೂ ಹತ್ತಿರದ್ದು. ಅದು ಮೂಲತಃ ಮೀನುಗಾರಿಕೆಯ ದೋಣಿ. ಆಸನ, ಮೇಲಂತಸ್ತು ಸೇರಿಸಿ ಅದನ್ನು ಪ್ರವಾಸಿ ದೋಣಿಯಾಗಿಸಲಾಗಿತ್ತು. ಮಿತಿಮೀರಿ ಜನರನ್ನೂ ಹತ್ತಿಸಲಾಗಿತ್ತು. ೨೨ ಜೀವಗಳು ಹೋದವು, ಅವರಲ್ಲಿ ಮಕ್ಕಳೇ ಹಲವರು. ಮೀನಿನ ದೋಣಿಯಲ್ಲಿ ಬಲೆ, ಮೀನು, ಮಂಜುಗಡ್ಡೆ ಎಲ್ಲವೂ ತಳದಲ್ಲಿರುತ್ತವೆ. ಜನ ಮೇಲೆ ಕೂರುತ್ತಾರೆ. ತೂಕ ಒಂದೇ ಇದ್ದರೂ ದೋಣಿ ಬೇರೆಯೇ ಆಗುತ್ತದೆ.

ಹಾಗಾದರೆ ಬೆಂಚು ಹಾಕಲೇಬಾರದೇ? ಹಾಕಬಹುದು, ದೋಣಿ ಒಪ್ಪಿದರೆ. ತಯಾರಕರು ಅಂಟಿಸಿದ ಫಲಕದಲ್ಲಿ ಜನರ ಸಂಖ್ಯೆ ಇದ್ದರೆ ಅದೇ ಕೊನೆಯ ಮಾತು. ಫಲಕ ಕಳಚಿಹೋದ ಇಪ್ಪತ್ತು ಅಡಿಗಿಂತ ಚಿಕ್ಕ ದೋಣಿಗೆ ಅಮೆರಿಕದಲ್ಲಿ ಒಂದು ಒರಟು ಲೆಕ್ಕವಿದೆ: ಉದ್ದ, ಅಗಲಗಳನ್ನು ಅಡಿಯಲ್ಲಿ ಅಳೆದು ಗುಣಿಸಿ ಹದಿನೈದರಿಂದ ಭಾಗಿಸುವುದು. ಹದಿನೈದು ಅಡಿ ಉದ್ದ, ಐದೂವರೆ ಅಡಿ ಅಗಲದ ದೋಣಿಗೆ ಬರುವುದು ಐದೂವರೆ, ಅಂದರೆ ಐದು ಜನ. ಅದೂ ಶಾಂತ ನೀರಿನಲ್ಲಿ. ಹತ್ತು ಜನರನ್ನು ಕೂರಿಸಿ ಅಭ್ಯಾಸವಾದವರಿಗೆ ಈ ಸಂಖ್ಯೆ ನಗು ತರಿಸೀತು.

ಆಸನ ತಗ್ಗಿನಲ್ಲಿರಲಿ, ದೋಣಿಯ ನಡುಭಾಗದಲ್ಲಿರಲಿ. ಎಂಜಿನ್ನಿನ ಬಳಿ ಕೂರಿಸಿದರೆ ಹಿಂಬದಿ ತಗ್ಗಿ ಅಲೆ ಒಳಗೆ ಬರುತ್ತದೆ. ಜಾಗಕ್ಕೆಂದು ಹಳೆಯ ಅಡ್ಡಹಲಗೆಯನ್ನು ಕೀಳಲೇಬಾರದು. ಅದು ಬರಿಯ ಆಸನವಲ್ಲ, ಎರಡೂ ಬದಿಗಳನ್ನು ಹಿಡಿದಿಟ್ಟ ತೊಲೆ. ತಳಕ್ಕೆ ತೂತು ಕೊರೆದು ಮೊಳೆ ಹೊಡೆದರೆ ಅಲ್ಲಿಂದಲೇ ನೀರು ಇಳಿದು ಕೊಳೆತ ಶುರುವಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಸುತ್ತ ಪೆಟ್ಟಿಗೆಯಂತೆ ಬೆಂಚು ಕಟ್ಟಿ ಗಾಳಿ ತಡೆಯಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ತಳದಲ್ಲೇ ಕೂತು ಒಂದು ಕಿಡಿಗೆ ಕಾಯುತ್ತದೆ.

ಕಟ್ಟಿದ ಮೇಲೆ ದಡದ ಬಳಿ, ಆಳವಿಲ್ಲದ ನೀರಿನಲ್ಲಿ ಪರೀಕ್ಷೆ ಮಾಡಬೇಕು, ಜನರನ್ನು ಕೂರಿಸಿ ಅಲ್ಲ. ಇಪ್ಪತ್ತು ಲೀಟರಿನ ಕ್ಯಾನುಗಳಿಗೆ ನೀರು ತುಂಬಿದರೆ ಒಂದೊಂದೂ ಇಪ್ಪತ್ತು ಕಿಲೋ. ತಲೆಗೆ ನಾಲ್ಕರಂತೆ ಲೆಕ್ಕ ಹಿಡಿದು ಬೆಂಚಿನ ಮೇಲೆಯೇ ಇರಿಸಬೇಕು. ತಳದಲ್ಲಿಟ್ಟರೆ ದೋಣಿ ಸುಳ್ಳು ಉತ್ತರ ಕೊಡುತ್ತದೆ. ಬಳಿಕ ಒಂದೊಂದಾಗಿ ಎಲ್ಲವನ್ನೂ ಒಂದೇ ಬದಿಗೆ ಸರಿಸುತ್ತ ಅಂಚು ನೀರಿಗೆ ಎಷ್ಟು ಹತ್ತಿರವಾಗುತ್ತದೆಂದು ನೋಡಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಈ ಪರೀಕ್ಷೆ ಸರ್ಕಾರದ ತಪಾಸಣೆಗೆ ಬದಲಿಯಲ್ಲ. ೧೯೧೭ರ ಕಾಯ್ದೆಯ ಜಾಗಕ್ಕೆ ಬಂದ ೨೦೨೧ರ ಒಳನಾಡು ಜಲನೌಕೆಗಳ ಕಾಯ್ದೆಯಡಿ ಯಂತ್ರಚಾಲಿತ ದೋಣಿಗೆ ನೋಂದಣಿ, ತಪಾಸಣೆಗಳಿವೆ; ದೋಣಿಯ ಮಾರ್ಪಾಡಿಗೂ ಅಧಿಕಾರಿಯ ಅನುಮೋದನೆ ಬೇಕು.

ಕೊನೆಗೆ ದೊರೆತ ಸಂಖ್ಯೆಯನ್ನು ಹತ್ತುವವರಿಗೆ ಕಾಣುವಂತೆ ದೋಣಿಯ ಬದಿಯಲ್ಲಿ ದೊಡ್ಡ ಅಂಕಿಯಲ್ಲಿ ಬರೆಸಬೇಕು. ಅಷ್ಟೇ ಸಂಖ್ಯೆಯ ಜೀವರಕ್ಷಕ ಜಾಕೆಟ್ಟುಗಳು, ಮಕ್ಕಳ ಅಳತೆಯವೂ ಸೇರಿ, ಬೆಂಚಿನಡಿ ಬೀಗ ಹಾಕಿಡದೆ ಮೈಮೇಲಿರಬೇಕು. ಉಳಿದವರು ಎರಡನೆಯ ಸರದಿಗೆ ಕಾಯಲಿ. ಎರಡನೆಯ ಸರದಿಗೆ ಇಂಧನದ ಖರ್ಚಿದೆ, ಬೆಳಗಿನ ಕಾಲೇಜಿಗೆ ತಡವಾಗುತ್ತದೆ. ಆ ಖರ್ಚನ್ನು ಅಂಬಿಗನೊಬ್ಬನೇ ಹೊರಬೇಕೇ, ದಂಡೆಯ ಊರುಗಳು ಹಂಚಿಕೊಳ್ಳಬೇಕೇ, ಪಂಚಾಯಿತಿ ಕೊಡಬೇಕೇ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಬೇಕಾದವರು ಇಲ್ಲಿ ಕುಳಿತಿರುವ ಗ್ರಾಮಸ್ಥರೇ.