ರೆಸಿನ್ ಎರಕದ ದೋಷಗಳು ಮತ್ತು ನಾಗಪುರದ ಹವೆ



ಹಳೆಯ ರೇಡಿಯೋದ ಗುಂಡಿಯೋ ಹೊಲಿಗೆ ಯಂತ್ರದ ಹಿಡಿಕೆಯೋ ಒಡೆದಾಗ ಅದೇ ಮಾದರಿಯ ಬಿಡಿಭಾಗ ಪೇಟೆಯಲ್ಲಿ ದೊರೆಯುವುದು ದುರ್ಲಭ. ಉಳಿದಿರುವ ಇನ್ನೊಂದು ಗುಂಡಿಯಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ಅದರಲ್ಲಿ ರೆಸಿನ್ ಸುರಿದು, ಮನೆಯಲ್ಲಿಯೇ ಹೊಸದನ್ನು ಎರಕ ಹೊಯ್ಯುವ ಕ್ರಮವು ಅನೇಕ ಹವ್ಯಾಸಿಗಳಿಗೆ ಪರಿಚಿತವಾಗಿದೆ. ಎರಕವು ಕೆಟ್ಟರೆ ಅವರು ಮಾಲನ್ನು ಅಥವಾ ತಮ್ಮ ಕೈಯನ್ನು ದೂಷಿಸುವರು. ಹವೆಯ ಕಡೆಗೆ ಗಮನ ಹೋಗುವುದು ವಿರಳ. ಡಬ್ಬಿಯ ಮೇಲಿನ ಸೂಚನೆಗಳು ಸಾಧಾರಣವಾಗಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅನ್ವಯಿಸುವಂಥವು. ನಾಗಪುರದಲ್ಲಾದರೋ ಮೇ ತಿಂಗಳ ಮಧ್ಯಾಹ್ನ ಪಾದರಸವು 45 ಡಿಗ್ರಿಯನ್ನು ದಾಟುವುದುಂಟು. ಕಲಬುರಗಿ, ರಾಯಚೂರುಗಳ ಬೇಸಿಗೆಯೂ ಇದಕ್ಕಿಂತ ಬಹಳ ಸೌಮ್ಯವೇನಲ್ಲ.

ಉಷ್ಣತೆಯು 10 ಡಿಗ್ರಿ ಏರಿದರೆ ರೆಸಿನ್ ಗಟ್ಟಿಯಾಗುವ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆ. 25 ಡಿಗ್ರಿಯಲ್ಲಿ 40 ನಿಮಿಷ ದ್ರವವಾಗಿರುವ ಎಪಾಕ್ಸಿಯು 45 ಡಿಗ್ರಿಯಲ್ಲಿ ಸುಮಾರು 10 ನಿಮಿಷಕ್ಕೇ ಬಿಗಿಯತೊಡಗುವುದು. ಕಲಕುವಾಗ ಸೇರಿದ ಗಾಳಿಗುಳ್ಳೆಗಳಿಗೆ ಮೇಲೇರಲು ಅವಕಾಶವೇ ದೊರೆಯದು. ಗಟ್ಟಿಯಾಗುವ ಕ್ರಿಯೆಯೇ ಶಾಖವನ್ನು ಉತ್ಪಾದಿಸುವುದರಿಂದ, ಆಳವಾದ ಲೋಟದಲ್ಲಿ ಉಳಿದ ಮಿಶ್ರಣವು ಹೊಗೆಯಾಡುವ ಸಂಭವವೂ ಇದೆ. ಆದುದರಿಂದ ಬೇಸಿಗೆಯಲ್ಲಿ ನಸುಕಿನ ವೇಳೆಯನ್ನು ಆರಿಸಿಕೊಂಡು, ಸ್ವಲ್ಪಸ್ವಲ್ಪವಾಗಿ ಬೆರೆಸಿ, ದಪ್ಪ ಭಾಗಗಳನ್ನು ಪದರಪದರವಾಗಿ ಹೊಯ್ಯುವುದು ಯುಕ್ತ.

ಮಳೆಗಾಲದ ಗುಳ್ಳೆಯ ಕಾರಣ ಬೇರೆ. ಪಾಲಿಯುರೆಥೇನ್ ರೆಸಿನ್ನಿನ ಒಂದು ಭಾಗವಾದ ಐಸೊಸಯನೇಟ್ ತೇವಾಂಶದೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಆಗ ಎರಕವು ಹುದುಗಿದ ಇಡ್ಲಿಹಿಟ್ಟಿನಂತೆ ಒಳಗೆಲ್ಲ ಉಬ್ಬುವುದು. ಅಚ್ಚನ್ನು ಬೆಚ್ಚಗೆ ಒಣಗಿಸಿ, ಡಬ್ಬಿಯನ್ನು ತೆರೆದ ಕೂಡಲೇ ಮುಚ್ಚುವುದೊಂದೇ ಇದಕ್ಕೆ ಪರಿಹಾರ. ಎಷ್ಟು ನಿಧಾನವಾಗಿ ಕಲಕಿದರೂ ಪ್ರಯೋಜನವಿಲ್ಲ.

ಅಂಟುಅಂಟಾಗಿ ಉಳಿಯುವ ಎರಕದ ವಿಷಯದಲ್ಲಿ ತಪ್ಪು ಗ್ರಹಿಕೆಯೇ ಹೆಚ್ಚು. ಎಪಾಕ್ಸಿಯಲ್ಲಿ ಹಾರ್ಡನರ್ ಸ್ವತಃ ಘನರೂಪದ ಒಂದು ಅಂಗವಾಗುತ್ತದೆ. ಅದನ್ನು ಹೆಚ್ಚಾಗಿ ಸುರಿದರೆ ಜೊತೆ ದೊರೆಯದ ಅಂಶವು ಹಾಗೆಯೇ ಉಳಿದು ಎರಕವು ಮತ್ತಷ್ಟು ಮೆದುವಾಗುವುದು. ತೂಕದ ಪ್ರಮಾಣವನ್ನು ಅಳತೆಯ ಪ್ರಮಾಣವೆಂದು ಓದುವುದು ಇಲ್ಲಿನ ಸಾಮಾನ್ಯ ದೋಷ. ಚಿಕ್ಕ ತಕ್ಕಡಿಯೊಂದು ಇದನ್ನು ತಪ್ಪಿಸಬಲ್ಲದು. ಪಾಲಿಯೆಸ್ಟರಿನಲ್ಲಿ ಗಾಳಿಗೆ ತೆರೆದ ಮುಖ ಮಾತ್ರ ಅಂಟಾಗಿದ್ದರೆ ಅದು ಆಮ್ಲಜನಕದ ಅಡ್ಡಿಯೆಂದು ತಿಳಿಯಬೇಕು. ಸುರಿದ ಕೂಡಲೇ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯನ್ನು ಹೊದಿಸಿದರೆ ಸಾಕು.

ಪಾಲಿಯೆಸ್ಟರ್ ಅಗ್ಗವೆಂಬುದು ನಿಜ. ಆದರೆ ಅದರಲ್ಲಿನ ಸ್ಟೈರೀನ್ ದ್ರವದ ಆವಿಯು ಸುಮಾರು 31 ಡಿಗ್ರಿಯಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು; ನಾಗಪುರದ ಬೇಸಿಗೆಯ ಕೋಣೆ ಅದಕ್ಕಿಂತ ಬಿಸಿಯಾಗಿರುತ್ತದೆ. ಪೆಟ್ರೋಲಿಯಂ ಹಾಗೂ ಸ್ಫೋಟಕಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯ ಪ್ರಧಾನ ಕಚೇರಿ ಇದೇ ನಗರದಲ್ಲಿದ್ದರೂ, ಅಡುಗೆಮನೆಯ ಒಲೆಯ ಪಕ್ಕ ರೆಸಿನ್ ಕಲಕುವವರನ್ನು ಅದು ಬಂದು ತಡೆಯಲಾರದು. ಈ ಕೆಲಸಕ್ಕೆ ಗಾಳಿಯಾಡುವ, ಬೆಂಕಿಯಿಂದ ದೂರವಾದ ಸ್ಥಳ ಅವಶ್ಯಕ.

ಇದಕ್ಕೂ ಗಂಭೀರವಾದುದು ಎಂ.ಇ.ಕೆ.ಪಿ. ಎಂಬ ಪೆರಾಕ್ಸೈಡ್ ಮತ್ತು ಕೋಬಾಲ್ಟ್ ದ್ರಾವಣಗಳ ವಿಚಾರ. ಇವೆರಡನ್ನು ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿಯಾಗಿ ಕಲಕಿ, ಅನಂತರವೇ ಪೆರಾಕ್ಸೈಡನ್ನು ಸೇರಿಸತಕ್ಕದ್ದು. ಕನ್ನಡಕ, ಕೈಗವಸುಗಳಿಲ್ಲದೆ ಸೀಸೆಯನ್ನು ತೆರೆಯಲಾಗದು. ಪೆರಾಕ್ಸೈಡಿನ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಒಡನೆಯೇ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು, ಸೀಸೆಯ ಹೆಸರುಪಟ್ಟಿಯೊಡನೆ ವೈದ್ಯರ ಬಳಿಗೆ ಕರೆದೊಯ್ಯಬೇಕು.