ಮತದಾರರ ಪಕ್ಷದ ಒಲವು



1984ರ ಡಿಸೆಂಬರ್ ತಿಂಗಳಲ್ಲಿ ಲೋಕಸಭೆಗೆ ಚುನಾವಣೆ ನಡೆಯಿತು. ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ರಾಜ್ಯದಲ್ಲಿ ಆಗ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ ದೊರೆತದ್ದು ನಾಲ್ಕು ಮಾತ್ರ. ಸೋಲಿನ ಹೊಣೆ ಹೊತ್ತ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು, ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್ ತಿಂಗಳಲ್ಲಿ ವಿಧಾನಸಭೆಗೆ ಮತದಾನವಾಯಿತು. 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 139, ಕಾಂಗ್ರೆಸ್ಸಿಗೆ 65! ನಡುವೆ ಕಳೆದದ್ದು ಸುಮಾರು ಹತ್ತು ವಾರ. ಊರುಗಳು ಅವೇ, ಮತದಾರರೂ ಹೆಚ್ಚು ಕಡಿಮೆ ಅವರೇ.

ಜನ ಒಂದು ಪಕ್ಷವನ್ನು ಏಕೆ ಹಿಡಿಯುತ್ತಾರೆ, ಏಕೆ ಬಿಡುತ್ತಾರೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮ ರಾಜ್ಯದ ಚರಿತ್ರೆಯಲ್ಲಿ ಇಲ್ಲವೆಂದೇ ನನ್ನ ಭಾವನೆ.

ಮೊದಲು ಹಿಡಿಯುವ ಮಾತು. "ನಮ್ಮದು ಮೊದಲಿಂದಲೂ ಕಾಂಗ್ರೆಸ್ ಮನೆ" ಎಂದೋ, "ನಮ್ಮ ಅಪ್ಪನ ಕಾಲದಿಂದ ಅವರಿಗೆ ಹಾಕಿದವರಲ್ಲ" ಎಂದೋ ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಪಕ್ಷದ ಕಾರ್ಯಕ್ರಮ ಏನೆಂದು ತಿಳಿಯುವ ಮೊದಲೇ ಮಕ್ಕಳಿಗೆ ಅದರ ಹೆಸರು ಮನೆಯಲ್ಲಿ ಪರಿಚಯವಾಗಿರುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ 'ದಿ ಅಮೆರಿಕನ್ ವೋಟರ್' ಎಂಬ ಗ್ರಂಥದಲ್ಲಿಯೂ ಇದಕ್ಕೆ ದೊಡ್ಡ ಸ್ಥಾನವಿದೆ. ನಮ್ಮಲ್ಲಿ ಮನೆಯ ಜೊತೆಗೆ ಜಾತಿಯೂ ಸೇರಿಕೊಳ್ಳುತ್ತದೆ. ಜಾತಿ ನೋಡಿ ಮತ ಹಾಕುವುದನ್ನು ಕುರುಡುತನವೆಂದು ಪಟ್ಟಣದವರು ಮೂಗು ಮುರಿಯುವುದುಂಟು. ಆದರೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಲು ಅಂಜುವ ರೈತನಿಗೆ, ತನ್ನ ಪರವಾಗಿ ನಾಲ್ಕು ಮಾತನಾಡುವ ತನ್ನವನೊಬ್ಬ ಬೇಕೆನಿಸಿದರೆ ಅದು ಕುರುಡು ಲೆಕ್ಕವೇನಲ್ಲ.

ಇನ್ನೊಂದು ಕಾರಣ, ಪಡೆದುದರ ನೆನಪು. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವ ಗೇಣಿದಾರ ಭೂಮಿಯ ಒಡೆಯನಾಗುವ ದಾರಿ ತೆರೆಯಿತು. ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಹೊಲದ ಹಕ್ಕು ಪಡೆದವನು ಅದನ್ನು ಮರೆಯುವುದು ಹೇಗೆ? 1977ರಲ್ಲಿ ತುರ್ತುಪರಿಸ್ಥಿತಿಯ ಮೇಲಿನ ಕೋಪದಿಂದ ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕದಿದ್ದಾಗ, ಕರ್ನಾಟಕದ 28ರಲ್ಲಿ 26ನ್ನು ಅದು ಗೆದ್ದಿತು. ಈ ನೆನಪಿನ ಪಾಲು ಅದರಲ್ಲಿ ಸಣ್ಣದಲ್ಲ. ವಿಚಿತ್ರವೆಂದರೆ, 1979ರಲ್ಲಿ ಅರಸು ಅವರು ಇಂದಿರಾ ಗಾಂಧಿಯವರಿಂದ ದೂರವಾದಾಗ ಆ ಋಣ ಅವರ ಹಿಂದೆ ಹೋಗಲಿಲ್ಲ. 1980ರ ಲೋಕಸಭಾ ಚುನಾವಣೆಯಲ್ಲಿ 27 ಸ್ಥಾನಗಳು ಇಂದಿರಾ ಅವರ ಪಕ್ಷಕ್ಕೇ ಬಂದವು. ಕೊಟ್ಟ ಕೈ ಯಾರದೆಂದು ಜನ ತಾವೇ ತೀರ್ಮಾನಿಸಿದ್ದರು.

ಹಾಗಾದರೆ ಇಷ್ಟು ಗಟ್ಟಿಯಾದ ಒಲವು ಹತ್ತು ವಾರದಲ್ಲಿ ಕರಗಿಹೋಯಿತೇ? ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡಬೇಕು. ಸ್ಥಾನಗಳನ್ನು ಬಿಟ್ಟು ಮತಗಳನ್ನು ಎಣಿಸಿ. ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು 52 ಮತಗಳು ಬಂದಿದ್ದವು. ಮಾರ್ಚ್‌ನಲ್ಲಿ ಸುಮಾರು 41. ಎಂದರೆ, ಕಾಂಗ್ರೆಸ್ಸಿಗೆ ಹಾಕಿದ್ದ ಹೆಚ್ಚಿನವರು ಕದಲಲೇ ಇಲ್ಲ. ಒಟ್ಟು ಲೆಕ್ಕದಲ್ಲಿ ನೂರರಲ್ಲಿ ಹತ್ತು ಹನ್ನೊಂದು ಮತಗಳಷ್ಟು ಇಳಿದದ್ದಕ್ಕೇ ಸರ್ಕಾರದ ಹಣೆಬರಹ ನಿಂತಿತು. ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಸಣ್ಣ ಓಲಾಟವೂ ದೊಡ್ಡ ಅಲೆಯಂತೆ ಕಾಣುತ್ತದೆ.

ಓಲಾಡಿದವರು ಚಂಚಲರೇ? ನನಗೆ ಹಾಗೆನಿಸುವುದಿಲ್ಲ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಗಿತ್ತು. ಡಿಸೆಂಬರಿನಲ್ಲಿ ಮತದಾರನ ಮುಂದಿದ್ದ ಪ್ರಶ್ನೆ ದೆಹಲಿಯದು. ಮಾರ್ಚ್‌ನಲ್ಲಿ ಕೇಳಿದ ಪ್ರಶ್ನೆಯೇ ಬೇರೆ: ಬೆಂಗಳೂರಿನಲ್ಲಿ ಯಾರಿರಬೇಕು? ಹೆಗಡೆಯವರ ಸಂಪುಟದಲ್ಲಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು, ಹಳ್ಳಿಗಳಿಗೆ ಕೊಳವೆಬಾವಿಯ ನೀರು ಕೊಡಿಸಿದ್ದಕ್ಕಾಗಿ, ಜನ 'ನೀರ್ ಸಾಬ್' ಎಂದು ಕರೆದರು. ಬೋರಿನ ಹ್ಯಾಂಡಲ್ ಒತ್ತುವ ಹೆಣ್ಣುಮಗಳಿಗೆ ಎರಡು ಪ್ರಶ್ನೆಗಳ ವ್ಯತ್ಯಾಸವನ್ನು ಯಾರೂ ಭಾಷಣ ಮಾಡಿ ತಿಳಿಸಬೇಕಾಗಿರಲಿಲ್ಲ. ಈ ಅಭ್ಯಾಸ ಇಂದಿಗೂ ಅಳಿದಿಲ್ಲ. 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿನ 135 ಜನರನ್ನು ಆರಿಸಿದ ಇದೇ ರಾಜ್ಯ, 2024ರಲ್ಲಿ ಲೋಕಸಭೆಗೆ ಆ ಪಕ್ಷದಿಂದ ಕಳಿಸಿದ್ದು ಒಂಬತ್ತು ಜನರನ್ನು.

1984ರಲ್ಲಿ ಮತದಾನದ ವಯಸ್ಸು 21 ಆಗಿತ್ತು. 1989ರಲ್ಲಿ ಅದು 18ಕ್ಕೆ ಇಳಿಯಿತು. ನಿಮ್ಮಲ್ಲಿ ಕೆಲವರಿಗೆ ಬರುವ ಚುನಾವಣೆಯೇ ಮೊದಲನೆಯದು. ಅಷ್ಟರೊಳಗೆ ಒಂದು ಸಂಜೆ, ಆ ಎರಡೂ ಸಲ ಮತ ಹಾಕಿದ ಅಜ್ಜಿಯನ್ನೋ ತಾತನನ್ನೋ ಕೇಳಿ ನೋಡಿ: ಡಿಸೆಂಬರಿನಲ್ಲಿ ಯಾರಿಗೆ ಹಾಕಿದಿರಿ, ಮಾರ್ಚ್‌ನಲ್ಲಿ ಯಾರಿಗೆ, ಏಕೆ? ಅಜ್ಜಿ ನಕ್ಕು ಸುಮ್ಮನಾದರೆ ಒತ್ತಾಯಿಸಬೇಡಿ. ತಾತನಿಗೂ ಆಕೆ ಅದನ್ನು ಹೇಳಿರಲಿಕ್ಕಿಲ್ಲ.